ಕಾಲರ್ ತೆಗೆಯಲೇ, ಟ್ರಾಕ್ಷನ್ ಹಾಕಿಸಲೇ? ಅಪಘಾತದ ನಂತರದ ಕುತ್ತಿಗೆ ನೋವು

ಪ್ರಶ್ನೆ: ನನಗೆ 39 ವರ್ಷ, ತುಮಕೂರಿನಲ್ಲಿ ಬ್ಯಾಂಕ್ ಕೆಲಸ. ಏಳು ವಾರದ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಗೂಡ್ಸ್ ಟೆಂಪೋ ಗುದ್ದಿತು. ಆವತ್ತು ಏನೂ ಅನಿಸಲಿಲ್ಲ. ಮಾರನೇ ದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ, ಆದರೆ ಕುತ್ತಿಗೆಯ ಬಾಗು ಹೋಗಿ ನೇರವಾಗಿದೆ ಎಂದರು. ಎಂಆರ್‌ಐಯಲ್ಲಿ ಸಿ5–ಸಿ6 ಡಿಸ್ಕ್ ಬಲ್ಜ್ (ಕುತ್ತಿಗೆಯ ಐದನೇ, ಆರನೇ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬಂದಿದೆ. ಆರು ವಾರದಿಂದ ಕಾಲರ್ ಹಾಕಿಕೊಂಡೇ ಇದ್ದೇನೆ. ನೋವು ಮೊದಲು ಹತ್ತಕ್ಕೆ ಏಳಿತ್ತು, ಈಗ ನಾಲ್ಕಕ್ಕೆ ಇಳಿದಿದೆ. ರಾತ್ರಿ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ತಲೆ ತಿರುಗಿಸಿದರೆ ಓಲಾಡಿದಂತಾಗುತ್ತದೆ. ಹಿಂದೆ ಲಾರಿ ಹಾರ್ನ್ ಕೇಳಿದರೆ ಎದೆ ಡವಗುಟ್ಟುತ್ತದೆ, ನಿದ್ದೆಯೂ ಸರಿಯಿಲ್ಲ. ಒಬ್ಬ ಡಾಕ್ಟರು 15 ದಿನ ಟ್ರಾಕ್ಷನ್ (ತೂಕ ಕಟ್ಟಿ ಕುತ್ತಿಗೆ ಎಳೆಯುವುದು) ಅಂತಾರೆ, ಇನ್ನೊಬ್ಬರು ಇಂಜೆಕ್ಷನ್ ಅಂತಾರೆ, ನಮ್ಮತ್ತೆ ಊರಿನಲ್ಲಿ ನೀವಿ ನಟಿಕೆ ತೆಗೆಯುವವರ ಹತ್ತಿರ ಹೋಗೋಣ ಅಂತಾರೆ. ಇನ್ಶೂರೆನ್ಸ್ ಕಡೆಯವರು ಮೂಳೆ ಮುರಿಯದಿದ್ದರೆ ಅದೇನು ಗಾಯ ಅಂತಾರೆ. ಇದು ಜೀವನಪೂರ್ತಿ ಹೀಗೇ ಉಳಿಯುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಭಯ ಒಂದೇ: ಒಳಗೆ ಏನೋ ಶಾಶ್ವತವಾಗಿ ಕೆಟ್ಟಿದೆ, ಅಲುಗಾಡಿಸಿದರೆ ಇನ್ನೂ ಕೆಡುತ್ತದೆ ಎಂಬುದು. ನೀವು ಬರೆದಿರುವ ವಿವರಗಳು ಆ ಕಡೆ ಬೊಟ್ಟು ಮಾಡುವುದಿಲ್ಲ. ಏಳಿದ್ದ ನೋವು ಏಳು ವಾರದಲ್ಲಿ ನಾಲ್ಕಕ್ಕೆ ಇಳಿದಿದೆ ಎಂದರೆ ಗಾಯ ಮಾಯುತ್ತಿದೆ ಎಂದೇ ಅರ್ಥ. ಹಾಗಂತ ಎಲ್ಲವನ್ನೂ ಕಾಲಕ್ಕೆ ಬಿಟ್ಟು ಕೂರುವ ಹಾಗೂ ಇಲ್ಲ. ಈ ಪೆಟ್ಟಿನಲ್ಲಿ ಚೇತರಿಕೆ ಮೊದಲ ಎರಡು ಮೂರು ತಿಂಗಳು ಚುರುಕಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದು ವರ್ಷ ಕಳೆದ ಮೇಲೂ ಸುಮಾರು ಅರ್ಧದಷ್ಟು ಜನ ಸ್ವಲ್ಪವೋ ಹೆಚ್ಚೋ ತೊಂದರೆ ಇದೆ ಎನ್ನುತ್ತಾರೆ. ಅವರಲ್ಲಿ ಬಹುಪಾಲು ಜನರದು ಕೆಲಸ ಕಾರ್ಯಕ್ಕೆ ಅಡ್ಡಿಯಾಗದಷ್ಟು ನೋವು. ನಿಮಗೆ ಚುರುಕಿನ ಆ ಕಾಲ ಇನ್ನೂ ಮುಗಿದಿಲ್ಲ.

ಹಿಂದಿನಿಂದ ಗುದ್ದಿದಾಗ ಏನಾಯಿತು ಎಂದು ತಿಳಿದರೆ ಉಳಿದದ್ದು ಸುಲಭ. ಸೀಟು ನಿಮ್ಮ ಬೆನ್ನನ್ನು ಒಮ್ಮೆಗೇ ಮುಂದಕ್ಕೆ ತಳ್ಳಿತು, ತಲೆ ಇದ್ದಲ್ಲೇ ಉಳಿಯಿತು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕುತ್ತಿಗೆಯ ಕೆಳಭಾಗ ಹಿಂದಕ್ಕೆ ಬಾಗಿತು, ಮೇಲ್ಭಾಗ ಮುಂದಕ್ಕೆ ಬಾಗಿತು. ಬದಿಯಿಂದ ನೋಡಿದರೆ ಇಂಗ್ಲಿಷಿನ 'ಎಸ್' ಅಕ್ಷರದ ಆಕಾರ. ಸ್ನಾಯುಗಳು ಬಿಗಿದು ತಡೆಯುವಷ್ಟು ಸಮಯ ಸಿಗುವುದಿಲ್ಲ. ಕೆಳ ಕುತ್ತಿಗೆಯ ಹಿಂಬದಿಯಲ್ಲಿ, ಒಂದು ಮೂಳೆ ಇನ್ನೊಂದರ ಮೇಲೆ ಕೂರುವ ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕೀಲುಗಳಿವೆ, ಫ್ಯಾಸೆಟ್ ಕೀಲುಗಳು ಎನ್ನುತ್ತೇವೆ. ಅವು ಒಂದಕ್ಕೊಂದು ಜಜ್ಜುತ್ತವೆ, ಅವುಗಳ ಸುತ್ತಲಿನ ಪೊರೆ ಎಳೆದುಹೋಗುತ್ತದೆ. ಉರಿಯೂತ ಏರಲು ಕೆಲವು ಗಂಟೆ ಬೇಕಾದ್ದರಿಂದ ನೋವು ಮಾರನೇ ದಿನ ಕಾಣಿಸಿಕೊಳ್ಳುವುದು ಸಾಮಾನ್ಯ. ಇಷ್ಟು ಸಣ್ಣ ಗಾಯ ಎಕ್ಸ್‌ರೇಗಾಗಲಿ ಮಾಮೂಲಿ ಎಂಆರ್‌ಐಗಾಗಲಿ ಸಿಗುವುದಿಲ್ಲ. ಆದ್ದರಿಂದ "ಮೂಳೆ ಮುರಿಯದಿದ್ದರೆ ಗಾಯವೇ ಅಲ್ಲ" ಎನ್ನುವವರ ಮಾತು ತಪ್ಪು.

ಎಂಆರ್‌ಐಯಲ್ಲಿ ಕಂಡದ್ದೆಲ್ಲ ಗಾಯ ಎನ್ನುವುದೂ ಅಷ್ಟೇ ತಪ್ಪು. ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 87.6 ಶೇಕಡ ಜನರಲ್ಲಿ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ಹರೆಯದವರಲ್ಲೇ ಸುಮಾರು ನಾಲ್ಕರಲ್ಲಿ ಮೂವರಿಗೆ ಇತ್ತು. ನಿಮ್ಮ ಬಲ್ಜ್ ಅಪಘಾತಕ್ಕಿಂತ ಮೊದಲೇ ಇದ್ದಿರುವ ಸಾಧ್ಯತೆಯೇ ಹೆಚ್ಚು. ಬಾಗು ಹೋಗಿ ನೇರವಾಗಿದೆ ಎನ್ನುವುದೂ ಹಾಗೆಯೇ: ನೋವಿಲ್ಲದವರಲ್ಲೂ ಅದು ಧಾರಾಳವಾಗಿ ಕಾಣುತ್ತದೆ, ಎಕ್ಸ್‌ರೇ ತೆಗೆಯುವಾಗ ಗಲ್ಲ ಸ್ವಲ್ಪ ಒಳಗೆ ಎಳೆದುಕೊಂಡರೂ ಬರುತ್ತದೆ. ರಿಪೋರ್ಟಿನ ಆ ಸಾಲು ನೋಡಿ ನಿದ್ದೆಗೆಡಬೇಡಿ.

ನಿಮ್ಮ ಬೆರಳುಗಳ ಜೋಮನ್ನು ಇದೇ ರಿಪೋರ್ಟಿನ ಪಕ್ಕ ಇಟ್ಟು ನೋಡೋಣ. ಸಿ5–ಸಿ6 ನಡುವೆ ಹೊರಬರುವುದು ಸಿ6 ನರದ ಬೇರು. ಅದು ಒತ್ತಿಕೊಂಡರೆ ಜೋಮು ಹಿಡಿಯುವುದು ಹೆಬ್ಬೆರಳು, ತೋರುಬೆರಳಿನ ಕಡೆ. ನಿಮಗೆ ಜೋಮು ಕಿರುಬೆರಳು ಮತ್ತು ಉಂಗುರಬೆರಳಿನಲ್ಲಿ. ಅಲ್ಲಿಗೆ ಹೋಗುವುದು ಬೇರೆ ನರ. ಕುತ್ತಿಗೆಯ ಮಟ್ಟದಲ್ಲಿ ಹುಡುಕುವುದಾದರೆ ಇನ್ನೂ ಕೆಳಗೆ ಸಿ8 ಬೇರಿನಲ್ಲಿ, ಇಲ್ಲವೇ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರದಲ್ಲಿ ಹುಡುಕಬೇಕು. ಮೊಣಕೈ ಎಲ್ಲಿಗಾದರೂ ತಾಗಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಅದೇ ನರ. ನೋವಿಗೆ ಕೈ ಮಡಚಿ ತಲೆಯಡಿ ಇಟ್ಟುಕೊಂಡು ಮಲಗುತ್ತೀರಾ? ಮಲಗಿಕೊಂಡು ಮೊಬೈಲ್ ಹಿಡಿದಿರುತ್ತೀರಾ? ಹೌದಾದರೆ ಒಂದು ವಾರ ಮೊಣಕೈ ಸುತ್ತ ದಪ್ಪ ಟವೆಲ್ ಸಡಿಲವಾಗಿ ಸುತ್ತಿ, ಕೈ ಪೂರ್ತಿ ಮಡಚದಂತೆ ಮಲಗಿ ನೋಡಿ. ಜೋಮು ಕಡಿಮೆಯಾದರೆ ಮೂಲ ಮೊಣಕೈ. ಯಾವುದಕ್ಕೂ ಒಮ್ಮೆ ವೈದ್ಯರ ಬಳಿ ಬೆರಳುಗಳ ಬಲ, ಕೈಯ ರಿಫ್ಲೆಕ್ಸ್, ಚರ್ಮದ ಸ್ಪರ್ಶ ಮೂರನ್ನೂ ಪರೀಕ್ಷೆ ಮಾಡಿಸಿ. ಐದು ನಿಮಿಷದ ಕೆಲಸ, ಎಂಆರ್‌ಐಗಿಂತ ಹೆಚ್ಚು ಹೇಳುತ್ತದೆ. 1995ರಲ್ಲಿ ಕೆನಡಾದ ಕ್ವಿಬೆಕ್ ಕಾರ್ಯಪಡೆ ಈ ಗಾಯಕ್ಕೆ ದರ್ಜೆಗಳನ್ನು ಮಾಡಿತು, ಇವತ್ತಿಗೂ ಎಲ್ಲೆಡೆ ಅದೇ ಬಳಕೆಯಲ್ಲಿದೆ. ಬರೀ ನೋವು, ಬಿಗಿತ ಇದ್ದರೆ ಒಂದು; ಜೊತೆಗೆ ಕುತ್ತಿಗೆಯ ಚಲನೆ ಕಡಿಮೆಯಾಗಿದ್ದರೆ, ಒತ್ತಿದಲ್ಲಿ ನೋವಿದ್ದರೆ ಎರಡು; ನರದ ದುರ್ಬಲತೆ ಪರೀಕ್ಷೆಯಲ್ಲಿ ಸಿಕ್ಕರೆ ಮೂರು; ಮೂಳೆ ಮುರಿದಿದ್ದರೆ ಅಥವಾ ಜರುಗಿದ್ದರೆ ನಾಲ್ಕು. ಈ ಪರೀಕ್ಷೆ ಸರಿಯಾಗಿ ಬಂದರೆ ನಿಮ್ಮದು ಎರಡನೇ ದರ್ಜೆ. ಮುಂದೆ ಬರೆದಿರುವುದೆಲ್ಲ ಆ ದರ್ಜೆಗೆ.

ಅದಕ್ಕೂ ಮೊದಲು, ಇವುಗಳಲ್ಲಿ ಯಾವುದೇ ಇದ್ದರೆ ಓದುವುದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ರವಿಕೆ ಹುಕ್ಕು ಹಾಕಲು ಬೆರಳು ತಡವರಿಸುವುದು, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು, ತಲೆ ಬಗ್ಗಿಸಿದಾಗ ಬೆನ್ನಗುಂಟ ಶಾಕ್ ಇಳಿಯುವುದು: ಇವು ಬೆನ್ನುಹುರಿ ಒತ್ತಿಕೊಂಡ ಲಕ್ಷಣ. ಹಿಂದೆಂದೂ ಬಾರದಂಥ ಒಂದೇ ಬದಿಯ ತಲೆನೋವು, ಮಾತು ತೊದಲುವುದು, ಎರಡೆರಡು ಕಾಣುವುದು, ಒಂದು ರೆಪ್ಪೆ ಜೋತುಬೀಳುವುದು ಇದ್ದರೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿರಬಹುದು, ಅಪಘಾತದ ನಂತರ ಅಪರೂಪಕ್ಕೆ ಹೀಗಾಗುತ್ತದೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ನೋವು ಇದ್ದರೆ ಅಪಘಾತ ಕೇವಲ ನೆಪ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವ ಹಾಗಿಲ್ಲ.

ಇನ್ನು ಕಾಲರ್. ಅದನ್ನು ಬಿಡಿ. ಡೆನ್ಮಾರ್ಕಿನಲ್ಲಿ 458 ಗಾಯಾಳುಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಕಾಲರ್, ಇನ್ನೊಂದಕ್ಕೆ "ಎಂದಿನಂತೆ ಇರಿ" ಎಂಬ ಸಲಹೆ, ಮೂರನೆಯದಕ್ಕೆ ವ್ಯಾಯಾಮ ಕೊಟ್ಟು ಒಂದು ವರ್ಷ ನೋಡಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಮೂರೂ ಒಂದೇ. ಅಂದರೆ ಕಾಲರ್‌ನ ಕಷ್ಟ ಅನುಭವಿಸಿದವರಿಗೆ ಅದರಿಂದ ಒಂದು ಲಾಭವೂ ಸಿಗಲಿಲ್ಲ. ಅದೂ ಅಲ್ಲಿ ಕಾಲರ್ ಹಾಕಿದ್ದು ಎರಡೇ ವಾರ. ಆರು ವಾರ ಹಾಕಿದರೆ ಕುತ್ತಿಗೆಯ ಮುಂಬದಿಯ ಆಳದ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ, ಮೆದುಳು ಪ್ರತಿ ತಿರುಗುವಿಕೆಯನ್ನೂ ಅಪಾಯ ಎಂದು ಎಣಿಸಲು ಕಲಿಯುತ್ತದೆ. ಇಷ್ಟು ದಿನ ಹಾಕಿದ್ದನ್ನು ಒಂದೇ ದಿನ ಕಿತ್ತೆಸೆದರೆ ಸಂಜೆಗೆ ತಲೆ ಭಾರವಾಗಿ ನೋವು ಏರುತ್ತದೆ, ಆಗ ಎಲ್ಲರೂ ಹೆದರಿ ಮತ್ತೆ ಕಟ್ಟಿಕೊಳ್ಳುತ್ತಾರೆ. ಮೊದಲ ಮೂರು ದಿನ ಮನೆಯಲ್ಲಿ ತೆಗೆದು, ಬಸ್ಸು ಕಾರಿನಲ್ಲಿ ಮಾತ್ರ ಹಾಕಿ. ಮುಂದಿನ ನಾಲ್ಕು ದಿನ ಹಳ್ಳದಿಣ್ಣೆಯ ರಸ್ತೆಯಲ್ಲಿ ಮಾತ್ರ. ಎರಡನೇ ವಾರದಿಂದ ಪೂರ್ತಿ ಬಿಡಿ. ರಾತ್ರಿ ಮಲಗುವಾಗ ಇವತ್ತಿನಿಂದಲೇ ಬೇಡ.

ಅದರ ಜಾಗಕ್ಕೆ ಚಲನೆ ಬರಬೇಕು. ಸ್ವೀಡನ್ನಿನಲ್ಲಿ 97 ಜನರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಳಸಿದ್ದು ತೀರಾ ಸರಳವಾದದ್ದು: ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ, ತಲೆಯನ್ನು ಮೆಲ್ಲಗೆ ಬಲಕ್ಕೆ ಹತ್ತು ಸಲ, ಎಡಕ್ಕೆ ಹತ್ತು ಸಲ ತಿರುಗಿಸುವುದು. ನೋವು ಶುರುವಾಗುವ ಗಡಿ ಮುಟ್ಟಿ ವಾಪಸು, ಅದರಾಚೆ ತಳ್ಳುವುದಿಲ್ಲ. ಬ್ಯಾಂಕಿನ ಕೌಂಟರ್‌ನಲ್ಲಿ ಕೂತೇ ಮಾಡಬಹುದು, ಎರಡು ನಿಮಿಷ ಸಾಕು.

ಎರಡನೆಯದು ಆಳದ ಸ್ನಾಯುಗಳಿಗೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯಡಿ ತೆಳುವಾಗಿ ಮಡಚಿದ ಟವೆಲ್ ಇಡಿ. "ಹೂಂ" ಎಂದು ಒಪ್ಪಿಕೊಳ್ಳುವಾಗ ತಲೆ ಆಡಿಸುತ್ತೀರಲ್ಲ, ಅಷ್ಟೇ ಸಣ್ಣ ಚಲನೆ: ಗಲ್ಲ ಗಂಟಲಿನ ಕಡೆ ಬರಬೇಕು, ತಲೆಯ ಹಿಂಭಾಗ ಟವೆಲ್ ಬಿಟ್ಟು ಏಳಬಾರದು. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇಲ್ಲಿ ಬಹಳ ಜನ ತಪ್ಪುತ್ತಾರೆ. ಎರಡು ಬೆರಳನ್ನು ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಇಟ್ಟು ನೋಡಿ. ಅದು ಹಗ್ಗದಂತೆ ಬಿಗಿದು ಎದ್ದರೆ ನೀವು ಹೆಚ್ಚು ಬಲ ಹಾಕುತ್ತಿದ್ದೀರಿ. ಚಲನೆಯನ್ನು ಅರ್ಧಕ್ಕೆ ಇಳಿಸಿ, ಉಸಿರು ಕಟ್ಟಬೇಡಿ, ಹಲ್ಲು ಕಚ್ಚಬೇಡಿ. ಹತ್ತು ಸೆಕೆಂಡು ಆಗದಿದ್ದರೆ ಮೂರರಿಂದ ಶುರುಮಾಡಿ.

ಇದಕ್ಕೆ ಹೆಗಲ ಮೂಳೆಗಳನ್ನು ಮೆಲ್ಲಗೆ ಹಿಂದಕ್ಕೆ, ಕೆಳಕ್ಕೆ ಎಳೆದು ಹತ್ತು ಸೆಕೆಂಡು ಹಿಡಿಯುವುದನ್ನೂ, ದಿನಕ್ಕೆ 20–30 ನಿಮಿಷದ ನಡಿಗೆಯನ್ನೂ ಸೇರಿಸಿ. ಎರಡು ಮೂರು ವಾರದ ನಂತರ ಅಂಗೈಯನ್ನು ಹಣೆಗೆ, ತಲೆಯ ಹಿಂದಕ್ಕೆ, ಬದಿಗೆ ಇಟ್ಟು ತಲೆ ಅಲುಗದಂತೆ ಮೆಲ್ಲಗೆ ಒತ್ತುವ ವ್ಯಾಯಾಮಕ್ಕೆ ಹೋಗಬಹುದು. ಪೂರ್ತಿ ಬಲದ ಕಾಲು ಭಾಗ ಸಾಕು. ಮಾಡುವಾಗ ನೋವು ಸ್ವಲ್ಪ ಏರಿದರೆ ಗಾಬರಿ ಬೇಡ. ಮಾರನೇ ಬೆಳಿಗ್ಗೆಗೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಅಳತೆ ಸರಿಯಿದೆ. ಇಳಿಯದಿದ್ದರೆ ಸಂಖ್ಯೆ ಅರ್ಧ ಮಾಡಿ, ನಿಲ್ಲಿಸಬೇಡಿ.

ಓಲಾಟದ ಬಗ್ಗೆ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ಕೋಣೆಯೇ ಗಿರಗಿರನೆ ತಿರುಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ ಎಂದಾದರೆ ಅದು ಒಳಕಿವಿಯ ಹರಳು ಜಾಗ ಬಿಟ್ಟಿರುವುದು; ಅದಕ್ಕೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಬೇರೆಯೇ ಚಿಕಿತ್ಸೆ ಇದೆ. ಅದಲ್ಲದೆ ಬರೀ ತೇಲಿದಂತೆ, ಓಲಿದಂತೆ ಇದ್ದರೆ ಕುತ್ತಿಗೆಯ ಸ್ನಾಯು, ಕೀಲುಗಳು ತಲೆ ಎಲ್ಲಿದೆ ಎಂದು ಮೆದುಳಿಗೆ ಕಳಿಸುವ ಸುದ್ದಿಯಲ್ಲಿ ತಪ್ಪಾಗುತ್ತಿದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಹೆಡ್‌ಬ್ಯಾಂಡಿಗೆ ಮಕ್ಕಳ ಆಟಿಕೆಯಂಥ ಪುಟ್ಟ ಲೇಸರ್ ಸಿಕ್ಕಿಸಿ, ಗೋಡೆಯಿಂದ 90 ಸೆಂಟಿಮೀಟರ್ ದೂರ ಕುರ್ಚಿಯಲ್ಲಿ ನೇರ ಕೂರಿ. ಬೆಳಕಿನ ಚುಕ್ಕೆ ಬಿದ್ದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿ. ಕಣ್ಣು ಮುಚ್ಚಿ ತಲೆಯನ್ನು ಬಲಕ್ಕೆ ತಿರುಗಿಸಿ ವಾಪಸು ತನ್ನಿ. ನೇರಕ್ಕೆ ಬಂದೆ ಎನಿಸಿದಾಗ ಕಣ್ಣು ಬಿಡಿ. ಚುಕ್ಕೆ ಗುರುತಿನಿಂದ ಎಷ್ಟು ದೂರ ಇದೆ ಅಳೆಯಿರಿ. ಎರಡೂ ಕಡೆ ಆರಾರು ಸಲ ಮಾಡಿ ಸರಾಸರಿ ತೆಗೆಯಿರಿ. 7 ಸೆಂಟಿಮೀಟರ್ ದಾಟಿದರೆ, ಅಂದರೆ ಸುಮಾರು 4.5 ಡಿಗ್ರಿ, ಈ ಇಂದ್ರಿಯಕ್ಕೆ ತರಬೇತಿ ಬೇಕು. ತರಬೇತಿಯೂ ಇದೇ: ಕಣ್ಣು ಮುಚ್ಚಿ ವಾಪಸು ಬರುವುದು, ಕಣ್ಣು ಬಿಟ್ಟು ತಿದ್ದಿಕೊಳ್ಳುವುದು. ಜೊತೆಗೆ ಗೋಡೆಯ ಮೇಲಿನ ಒಂದು ಅಕ್ಷರದ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಮಾತ್ರ ನಿಧಾನ ಆಚೀಚೆ ಆಡಿಸುವುದು. ಲೇಸರ್ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ.

ಇಷ್ಟಕ್ಕೇ ಸಾಕೇ, ದಿನಾ ಫಿಸಿಯೋಥೆರಪಿಗೆ ಹೋಗಬೇಡವೇ ಎಂದು ಕೇಳುತ್ತೀರಿ. ಈ ವಿಷಯದಲ್ಲಿ ಸಂಶೋಧನೆ ನಮ್ಮಂಥವರಿಗೂ ಪಾಠ ಕಲಿಸಿದೆ. ಬ್ರಿಟನ್ನಿನಲ್ಲಿ 3,851 ಗಾಯಾಳುಗಳನ್ನು ಒಳಗೊಂಡ ದೊಡ್ಡ ಪ್ರಯೋಗ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರ ಎರಡನೇ ಹಂತದಲ್ಲಿ, ನೋವು ಉಳಿದುಕೊಂಡಿದ್ದ 599 ಜನರಲ್ಲಿ ಕೆಲವರಿಗೆ ಆರು ಸಿಟ್ಟಿಂಗ್‌ವರೆಗೆ ಫಿಸಿಯೋಥೆರಪಿ, ಉಳಿದವರಿಗೆ ಒಂದೇ ಒಂದು ಸಲಹೆಯ ಭೇಟಿ. ನಾಲ್ಕು ತಿಂಗಳಿಗೆ ಫಿಸಿಯೋಥೆರಪಿಯವರು ತುಸು ಮುಂದಿದ್ದರು, ಆಮೇಲೆ ವ್ಯತ್ಯಾಸ ಉಳಿಯಲಿಲ್ಲ. ಮರುವರ್ಷ ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ಪ್ರಯೋಗದಲ್ಲಿ, ನೋವು ಹಳತಾಗಿದ್ದ 172 ಜನರಲ್ಲಿ 20 ಸಿಟ್ಟಿಂಗ್ ವ್ಯಾಯಾಮವೂ ಅರ್ಧ ಗಂಟೆಯ ಸಲಹೆ ಮತ್ತು ಫೋನ್ ಬೆಂಬಲವೂ ಹೆಚ್ಚುಕಡಿಮೆ ಸಮ. ವ್ಯಾಯಾಮ ವ್ಯರ್ಥ ಎಂದು ಇದರ ಅರ್ಥವಲ್ಲ, ಏಕೆಂದರೆ ಸಲಹೆ ಪಡೆದವರೂ ಚಲನೆ ಮಾಡುತ್ತಲೇ ಇದ್ದರು. ಸಿಟ್ಟಿಂಗ್‌ಗಳ ಸಂಖ್ಯೆ ಹೆಚ್ಚಿಸಿದಷ್ಟೂ ಗುಣ ಹೆಚ್ಚುವುದಿಲ್ಲ ಎಂಬುದಷ್ಟೇ ಇದರ ಅರ್ಥ. ಒಳ್ಳೆಯ ಫಿಸಿಯೋಥೆರಪಿಸ್ಟ್ ಬಳಿ ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಸರಿಯಾಗಿ ಆಗುತ್ತಿದೆಯೇ ಎಂದು ತೋರಿಸಿಕೊಳ್ಳಿ, ನಾಲ್ಕರಿಂದ ಆರು ಭೇಟಿ ಸಾಕು. ಬರೀ ಯಂತ್ರ ಹಚ್ಚಿ, ಶಾಖ ಕೊಟ್ಟು ಕಳಿಸುವ ಕಡೆ ಹಣ ಸುರಿಯಬೇಡಿ.

ನಿಮಗೆ ನಿಜಕ್ಕೂ ಹೆಚ್ಚುವರಿ ನೆರವು ಬೇಕಿರುವುದು ಇನ್ನೊಂದು ಕಡೆ. ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಮನಸ್ಸಿನ ಬಲಹೀನತೆಯಲ್ಲ. ಪೆಟ್ಟಿನ ನಂತರ ದೇಹ ಇನ್ನೂ ಕಾವಲು ಕಾಯುತ್ತಿದೆ, ಆ ಕಾವಲು ನೋವನ್ನೂ ಹೆಚ್ಚಿಸುತ್ತದೆ. ಶುರುವಿನ ನೋವು ಜೋರಿದ್ದು, ಜೊತೆಗೆ ಈ ಲಕ್ಷಣಗಳಿದ್ದವರಲ್ಲೇ ಚೇತರಿಕೆ ಎಳೆದುಕೊಂಡು ಹೋಗುವುದು ಹೆಚ್ಚು. ನಿಮ್ಮ ಪತ್ರದಲ್ಲಿ ನನಗೆ ಡಿಸ್ಕ್‌ಗಿಂತ ಮುಖ್ಯವಾಗಿ ಕಂಡಿದ್ದು ಈ ಸಾಲು. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಇಂಥ 108 ಜನರಲ್ಲಿ ಬರೀ ವ್ಯಾಯಾಮ ಮಾಡಿದವರಿಗಿಂತ, ವ್ಯಾಯಾಮದ ಜೊತೆ ಒತ್ತಡ ನಿಭಾಯಿಸುವ ತರಬೇತಿ ಪಡೆದವರು ಚೆನ್ನಾಗಿ ಚೇತರಿಸಿಕೊಂಡರು. ಆ ತರಬೇತಿ ಕೊಟ್ಟವರು ಫಿಸಿಯೋಥೆರಪಿಸ್ಟ್‌ಗಳೇ. ಉಸಿರು ನಿಧಾನ ಮಾಡಿ ಸ್ನಾಯು ಸಡಿಲಿಸುವುದು, ಹೆದರಿಸುವ ಸಂದರ್ಭಕ್ಕೆ ಮೊದಲೇ ಸಿದ್ಧವಾಗುವುದು ಅದರ ತಿರುಳು. ನೀವು ಹೀಗೆ ಶುರುಮಾಡಬಹುದು: ಮೊದಲು ನಿಂತ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಹತ್ತು ನಿಮಿಷ ಉಸಿರಾಟ, ಆಮೇಲೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು, ಆಮೇಲೆ ಅದೇ ಸಿಗ್ನಲ್. ಅಪಘಾತದ ಚಿತ್ರಗಳು ಕನಸಿನಲ್ಲಿ ಮರುಕಳಿಸುತ್ತಿದ್ದರೆ ಮನಃಶಾಸ್ತ್ರಜ್ಞರನ್ನು ಈಗಲೇ ಕಾಣಿ.

ಟ್ರಾಕ್ಷನ್: ನರದ ಬೇರು ಒತ್ತಿಕೊಂಡು ತೋಳಿಗೆ ನೋವು ಇಳಿಯುವ ಕೆಲವರಿಗೆ ಸ್ವಲ್ಪ ಉಪಯೋಗವಾಗಬಹುದು. ಎಳೆದುಹೋಗಿ ಗಾಯವಾದ ಕೀಲುಪೊರೆಯನ್ನು ಮತ್ತೆ ಎಳೆಯುವುದಕ್ಕೆ ನಿಮ್ಮಲ್ಲಿ ಕಾರಣ ಕಾಣುತ್ತಿಲ್ಲ. ಬೇಡ.

ನಟಿಕೆ ತೆಗೆಸುವುದು ಖಂಡಿತ ಬೇಡ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಎಣ್ಣೆ ಹಚ್ಚಿ ಹೆಗಲು, ಬೆನ್ನಿನ ಮೇಲ್ಭಾಗ ಮೆಲ್ಲಗೆ ನೀವಿಸಿಕೊಂಡರೆ ಹಿತವಾಗುತ್ತದೆ, ಅದನ್ನು ಅವರ ಕೈಯಲ್ಲೇ ಮಾಡಿಸಿಕೊಳ್ಳಿ. ಆದರೆ ಗಲ್ಲ ಹಿಡಿದು ಲಟಕ್ಕನೆ ತಿರುಗಿಸುವಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆದದ್ದುಂಟು. ಅಪರೂಪ ನಿಜ, ಆದರೂ ಆ ಲಟಕ್ಕಿನಿಂದ ಸಿಗುವ ಲಾಭ ಈ ಅಪಾಯಕ್ಕೆ ಸಮನಲ್ಲ. ಸಾಮಾನ್ಯ ಕುತ್ತಿಗೆ ನೋವಿನಲ್ಲಿ ತರಬೇತಾದವರು ಕೈಯಿಂದ ಕುತ್ತಿಗೆ ತಿರುಗಿಸಿ ಕೊಡುವ ಚಿಕಿತ್ಸೆಗೂ (ಮ್ಯಾನಿಪ್ಯುಲೇಶನ್) ಮನೆಯ ವ್ಯಾಯಾಮಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು 272 ಜನರ ಮೇಲಿನ 2012ರ ಅಮೆರಿಕದ ಪ್ರಯೋಗ ತೋರಿಸಿದೆ. ಕ್ಷೌರದಂಗಡಿಯಲ್ಲೂ ಈ ಲಟಕ್ ಮಾಡಿಸಿಕೊಳ್ಳಬಾರದು ಎಂದು ನಿಮ್ಮ ಯಜಮಾನರಿಗೆ ಹೇಳಿ.

ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್, ಹೊಟ್ಟೆ ಮತ್ತು ಕಿಡ್ನಿ ಸರಿಯಿದ್ದರೆ ಕೆಲವು ದಿನದ ಮಟ್ಟಿಗೆ ಉರಿಯೂತ ಇಳಿಸುವ ನೋವುನಿವಾರಕ, ಇಷ್ಟು ಸಾಕು. 2023ರಲ್ಲಿ ಸಿಡ್ನಿಯಿಂದ ಬಂದ ಪ್ರಯೋಗದಲ್ಲಿ ಹೊಸ ಸೊಂಟನೋವು, ಕುತ್ತಿಗೆ ನೋವಿನ 347 ಜನರ ಮೇಲೆ ನೋಡಿದಾಗ ಓಪಿಯಾಯ್ಡ್ (ಅಫೀಮಿನ ಜಾತಿಯ ಬಲವಾದ ನೋವುನಿವಾರಕ) ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ನಿಮ್ಮ ಚೀಟಿಯಲ್ಲಿ ಅದೇ ಜಾತಿಯ ಟ್ರಮಡಾಲ್ ಇದ್ದರೆ ಬರೆದ ವೈದ್ಯರನ್ನು ಕೇಳಿ ಇಳಿಸಿ. ನರನೋವಿನ ಮಾತ್ರೆ ಪ್ರೆಗಾಬಲಿನ್ ಕೆಲವು ವಾರದಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಮಂಪರಿದ್ದಾಗ ಸ್ಕೂಟರ್ ಓಡಿಸಬಾರದು.

ಇಂಜೆಕ್ಷನ್ ಈಗ ಬೇಡ. ಅಪಘಾತದ ನಂತರ ನೋವು ಹಳತಾಗಿದ್ದವರ ಫ್ಯಾಸೆಟ್ ಕೀಲಿಗೆ ಸ್ಟೆರಾಯ್ಡ್ ಕೊಟ್ಟು 1994ರಲ್ಲಿ ಆಸ್ಟ್ರೇಲಿಯಾದಲ್ಲಿ ನೋಡಿದರು. ಬರೀ ಅರಿವಳಿಕೆ ಕೊಟ್ಟವರಲ್ಲೂ ಸ್ಟೆರಾಯ್ಡ್ ಕೊಟ್ಟವರಲ್ಲೂ ಮೂರ್ನಾಲ್ಕು ದಿನದಲ್ಲೇ ನೋವು ಮರಳಿತು. ಆದರೆ ಅದೇ ತಂಡ 1996ರಲ್ಲಿ ಕೀಲಿನ ಪುಟ್ಟ ನರವನ್ನು ರೇಡಿಯೋಫ್ರೀಕ್ವೆನ್ಸಿ ಸೂಜಿಯಿಂದ ಸುಟ್ಟಾಗ, ಹೋದ ನೋವು ಹಳೆಯ ಮಟ್ಟದ ಅರ್ಧಕ್ಕೆ ಮರಳಲು ಮಧ್ಯದ ಲೆಕ್ಕದಲ್ಲಿ (ಅರ್ಧ ಜನರಿಗೆ ಇದಕ್ಕಿಂತ ಬೇಗ, ಅರ್ಧ ಜನರಿಗೆ ತಡ) 263 ದಿನ ಹಿಡಿಯಿತು, ನಕಲಿ ಚಿಕಿತ್ಸೆಯಲ್ಲಿ 8 ದಿನ. 24 ಜನರ ಸಣ್ಣ ಪ್ರಯೋಗ, ಆದರೆ ಎಚ್ಚರದಿಂದ ಮಾಡಿದ್ದು. ಇದಕ್ಕೆ ಅರ್ಹರು ಯಾರು ಎಂದರೆ, ಆರು ತಿಂಗಳು ವ್ಯಾಯಾಮ ಮಾಡಿಯೂ ನೋವು ಹಾಗೇ ಇದ್ದು, ಎರಡು ಬೇರೆ ಬೇರೆ ದಿನ ಆ ನರಕ್ಕೆ ಅರಿವಳಿಕೆ ಕೊಟ್ಟಾಗ ನೋವು ಪೂರ್ತಿ ಹೋದವರು. ಆ ಪರೀಕ್ಷೆ ಇಲ್ಲದೆ ನೇರ ಸುಡಲು ಹೇಳಿದರೆ ಒಪ್ಪಬೇಡಿ. ನರ ಮತ್ತೆ ಬೆಳೆಯುತ್ತದೆ, ಆಗ ಮತ್ತೆ ಮಾಡಿಸಬೇಕಾಗಬಹುದು.

ಪರಿಹಾರದ ಆಸೆಗೆ ಜನ ನೋವು ನಟಿಸುತ್ತಾರೆ ಎಂಬ ಮಾತಿಗೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉದಾಹರಣೆ ಎತ್ತುತ್ತಾರೆ. 1995ರಲ್ಲಿ ಅಲ್ಲಿ ನೋವಿಗೆಂದು ಹಣ ಕೊಡುವುದನ್ನು ನಿಲ್ಲಿಸಿದಾಗ ಕ್ಲೇಮುಗಳು 28 ಶೇಕಡ ಇಳಿದವು, ಇತ್ಯರ್ಥಕ್ಕೆ ಹಿಡಿಯುವ ಸಮಯ ಅರ್ಧಕ್ಕೂ ಕಡಿಮೆಯಾಯಿತು. ಇದರಿಂದ ತಿಳಿಯುವುದು ನಟನೆಯಲ್ಲ. ಗಾಯವನ್ನು ಮತ್ತೆ ಮತ್ತೆ ಸಾಬೀತು ಮಾಡುತ್ತ ಕೂರಬೇಕಾದಾಗ ಮನುಷ್ಯ ಬೇಗ ಗುಣವಾಗುವುದು ಕಷ್ಟ ಎಂಬುದು. ಹಾಗಾಗಿ ವೂಂಡ್ ಸರ್ಟಿಫಿಕೇಟ್, ಓಪಿಡಿ ಚೀಟಿಗಳು, ರಜೆ ಹಾಕಿದ ದಿನಾಂಕ, ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ವಕೀಲರಿಗೆ ಒಪ್ಪಿಸಿ, ಆಮೇಲೆ ಅದರ ಯೋಚನೆ ಬಿಡಿ. ಕೇಸಿಗೆ ಒಳ್ಳೆಯದೆಂದು ಯಾರಾದರೂ ಕಾಲರ್ ಹಾಕಿಕೊಂಡೇ ಇರಿ ಎಂದರೆ ಕೇಳಬೇಡಿ. ಕೇಸು ಮುಗಿಯುವಷ್ಟರಲ್ಲಿ ಕುತ್ತಿಗೆ ನಿಜವಾಗಿಯೂ ಮರಗಟ್ಟಿರುತ್ತದೆ.

ಕೆಲಸಕ್ಕೆ ಈಗಲೇ ಮರಳಬಹುದು, ಮೊದಲ ವಾರ ಅರ್ಧ ದಿನ. ಎರಡೂ ಭುಜದ ಕಡೆ ತಿರುಗಿ ಹಿಂದಿನ ವಾಹನ ನೋಡುವಷ್ಟು ಕುತ್ತಿಗೆ ಹೊರಳಿದ ಮೇಲೆ ಕಾರು ಓಡಿಸಿ. ಮೂರು ವಾರದ ನಂತರವೂ ನೋವು ನಾಲ್ಕರಲ್ಲೇ ನಿಂತಿದ್ದರೆ, ಇಲ್ಲವೇ ಬೆರಳಿನ ಬಲ ಕುಗ್ಗಿದರೆ ಮತ್ತೆ ಪರೀಕ್ಷೆ ಮಾಡಿಸಿ. ಸ್ಟಿಯರಿಂಗ್ ಹಿಡಿಯುವ ಮೊದಲು ಸೀಟಿನ ತಲೆದಿಂಬನ್ನು ಮೇಲಕ್ಕೆ ಎತ್ತಿ: ಅದರ ಮೇಲ್ತುದಿ ನಿಮ್ಮ ನೆತ್ತಿಯ ಮಟ್ಟಕ್ಕೆ ಬರಬೇಕು, ತಲೆಗೂ ಅದಕ್ಕೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಇರಬಾರದು. ಎಲ್ಲ ಸೀಟಿನದನ್ನೂ ನೋಡಿ. ಬಹಳ ಕಾರುಗಳಲ್ಲಿ ಅದು ಕೊಂಡ ದಿನದಿಂದ ಕೆಳಗೇ ಕೂತಿರುತ್ತದೆ, ಆ ಎತ್ತರದಲ್ಲಿ ಅದು ತಲೆಯನ್ನು ತಡೆಯುವುದಿಲ್ಲ.